ಎರಡು ಬೆರಳು ಕಡಿಮೆ: ಆಟದ ಪಾರ್ಕುಗಳ ಎತ್ತರದ ಗೆರೆ ಮತ್ತು ಗಡಿಭಾಗದ ಮಕ್ಕಳು

ಬೇಸಿಗೆ ಅಥವಾ ದೀಪಾವಳಿ ರಜೆ ಬಂತೆಂದರೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ದೊಡ್ಡ ಆಟದ ಪಾರ್ಕುಗಳಿಗೆ ಹೊರಡುವುದು ಈಗ ಸಾಮಾನ್ಯವಾಗಿದೆ. ಉತ್ತರಕ್ಕೆ ಹೋದರೆ ರಾಯಗಡ ಜಿಲ್ಲೆಯ ಖೋಪೋಲಿ ಹತ್ತಿರ 2013ರಲ್ಲಿ ಶುರುವಾದ ಇಮ್ಯಾಜಿಕಾ ಇದೆ. ದಕ್ಷಿಣಕ್ಕೆ ಹೋದರೆ ಬೆಂಗಳೂರಿನಾಚೆ ಬಿಡದಿ ಬಳಿ 2005ರಲ್ಲಿ ತೆರೆದ ವಂಡರ್‌ಲಾ ಇದೆ. ಕೊಲ್ಹಾಪುರದಿಂದ ಮೊದಲನೆಯದು ಸುಮಾರು 300 ಕಿ.ಮೀ., ಎರಡನೆಯದು 600 ಕಿ.ಮೀ.ಗೂ ಹೆಚ್ಚು. ರಾತ್ರಿಯಿಡೀ ಪ್ರಯಾಣ ಮಾಡಿ, ಟಿಕೆಟ್ ತೆಗೆದು, ಬಿಸಿಲಲ್ಲಿ ಮುಕ್ಕಾಲು ಗಂಟೆ ಸರದಿಯಲ್ಲಿ ನಿಂತ ಮೇಲೆ ರೋಲರ್ ಕೋಸ್ಟರಿನ ಬಾಗಿಲಲ್ಲಿ ಒಂದು ಅಳತೆಗೋಲು ಎದುರಾಗುತ್ತದೆ. ಮಗು ಎರಡು ಬೆರಳು ಕಡಿಮೆ ಬೀಳುತ್ತದೆ. ಖೋಪೋಲಿಯಲ್ಲಿ ‘ಉಂಚಿ ಕಮಿ ಆಹೆ’ ಎನ್ನುತ್ತಾರೆ, ಬಿಡದಿಯಲ್ಲಿ ‘ಹೈಟ್ ಸಾಲಲ್ಲ’ ಎನ್ನುತ್ತಾರೆ. ಗಡಿಭಾಗದ ಮಕ್ಕಳಿಗೆ ಎರಡೂ ಭಾಷೆ ಅರ್ಥವಾಗುತ್ತದೆ, ಅಳುವೂ ಎರಡೂ ಕಡೆ ಬರುತ್ತದೆ.

ಆ ಗೆರೆ ಏಕಿದೆ, ಅದು ಏನನ್ನು ಅಳೆಯುತ್ತದೆ, ಗೆರೆಯೇ ಇಲ್ಲದ ಊರ ಜಾತ್ರೆಯ ತೊಟ್ಟಿಲಲ್ಲಿ ಏನು ಮಾಡಬೇಕು ಎಂಬ ಮಾಹಿತಿ ಇಲ್ಲಿದೆ.

ಗೆರೆ ಅಳೆಯುವುದು ಏನನ್ನು?

ಸವಾರಿಯ ಎತ್ತರದ ಮಿತಿ ಮಗುವಿನ ಧೈರ್ಯಕ್ಕೆ ಸಂಬಂಧಿಸಿದ್ದಲ್ಲ. ಪಾರ್ಕಿನವರು ಮನಸ್ಸಿಗೆ ಬಂದಂತೆ ಹಾಕಿದ್ದೂ ಅಲ್ಲ. ಸಾಮಾನ್ಯವಾಗಿ ಸವಾರಿಯನ್ನು ತಯಾರಿಸಿದ ಕಂಪನಿಯೇ ಅದರ ಕುರ್ಚಿ, ವೇಗ, ತಿರುವುಗಳನ್ನು ನೋಡಿ ಈ ಮಿತಿಯನ್ನು ಹೇಳಿರುತ್ತದೆ. ಪಾರ್ಕಿನವರು ಅದನ್ನು ಇನ್ನೂ ಬಿಗಿ ಮಾಡಬಹುದು, ಸಡಿಲ ಮಾಡುವಂತಿಲ್ಲ.

ದೊಡ್ಡ ಸವಾರಿಗಳಲ್ಲಿ ಕುಳಿತವರನ್ನು ಹಿಡಿದಿಡುವ ಸಾಧನ ಮುಖ್ಯವಾಗಿ ಎರಡು ಬಗೆಯದು. ಒಂದು ತೊಡೆಯ ಮೇಲೆ ಬಂದು ಕೂರುವ ಅಡ್ಡ ಸರಳು, ಇದಕ್ಕೆ ಲ್ಯಾಪ್ ಬಾರ್ ಎನ್ನುತ್ತಾರೆ. ಇನ್ನೊಂದು ತಲೆಯ ಮೇಲಿಂದ ಇಳಿದು ಎರಡೂ ಭುಜಗಳನ್ನು ಒತ್ತಿ ಹಿಡಿಯುವ ದಪ್ಪ ಪಟ್ಟಿ. ಇವೆರಡೂ ಕೆಲಸ ಮಾಡಬೇಕಾದರೆ ದೇಹ ಅವುಗಳ ಅಳತೆಗೆ ಹೊಂದಬೇಕು.

ಚಿಕ್ಕ ಮಕ್ಕಳ ದೇಹ ದೊಡ್ಡವರ ದೇಹದ ಸಣ್ಣ ನಕಲು ಅಲ್ಲ. ಅವರಲ್ಲಿ ತಲೆ ಮತ್ತು ಮುಂಡದ ಪಾಲು ಹೆಚ್ಚು, ಕಾಲಿನ ಪಾಲು ಕಡಿಮೆ. ತೊಡೆ ಗಿಡ್ಡ. ದೊಡ್ಡವರ ಕುರ್ಚಿಯಲ್ಲಿ ಬೆನ್ನು ತಾಗಿಸಿ ಕೂತರೆ ಮಗುವಿನ ಮೊಣಕಾಲು ಕುರ್ಚಿಯ ಅಂಚಿಗೆ ಬರುವುದೇ ಇಲ್ಲ, ಕಾಲು ನೇರ ಮುಂದಕ್ಕೆ ಚಾಚಿಕೊಳ್ಳುತ್ತವೆ. ಇದು ಹಿತವೆನಿಸದೆ ಮಗು ತಾನಾಗಿಯೇ ಮುಂದಕ್ಕೆ ಜಾರಿ ಮೊಣಕಾಲು ಮಡಚಿಕೊಳ್ಳುತ್ತದೆ. ಮನೆಯ ಸೋಫಾದ ಮೇಲೆ ಇದನ್ನು ಯಾರು ಬೇಕಾದರೂ ನೋಡಬಹುದು. ಸೋಫಾದಲ್ಲಿ ಇದರಿಂದ ತೊಂದರೆಯಿಲ್ಲ. ಸವಾರಿಯಲ್ಲಿ ಹಾಗೆ ಜಾರಿದ ಮಗುವಿನ ಬೆನ್ನ ಹಿಂದೆ ಖಾಲಿ ಜಾಗ ಉಳಿಯುತ್ತದೆ, ತೊಡೆಯ ಮೇಲಿರಬೇಕಾದ ಸರಳು ಹೊಟ್ಟೆಯ ಮೇಲೆ ಬರುತ್ತದೆ. ಬಂಡಿ ಗಕ್ಕನೆ ಕೆಳಗಿಳಿದಾಗ ಅಥವಾ ನಿಂತಾಗ ಮಗು ಸರಳಿನ ಕೆಳಗಿಂದ ನುಸುಳಿ ಹೋಗಬಹುದು. ಭುಜದ ಪಟ್ಟಿಯಿರುವ ಸವಾರಿಯಲ್ಲಿ ಗಿಡ್ಡ ಮಗುವಿಗೆ ಪಟ್ಟಿ ಭುಜಕ್ಕೆ ಕೂರದೆ ಕಿವಿ, ಗದ್ದದ ಹತ್ತಿರ ನಿಂತು ತಿರುವಿನಲ್ಲಿ ತಲೆಗೆ ಬಡಿಯುತ್ತದೆ. ಮಕ್ಕಳ ತಲೆ ದೇಹಕ್ಕೆ ಹೋಲಿಸಿದರೆ ಭಾರ, ಕತ್ತಿನ ಸ್ನಾಯು ಎಳೆಯದು.

ಹಾಗಾದರೆ ತೊಡೆಯ ಉದ್ದವನ್ನೇ ಅಳೆಯಬಾರದೇಕೆ ಎಂದು ಕೇಳಬಹುದು. ದಿನಕ್ಕೆ ಸಾವಿರಾರು ಜನ ಬರುವ ಬಾಗಿಲಲ್ಲಿ ಅದು ಆಗದ ಮಾತು. ಎತ್ತರವನ್ನು ಎರಡು ಸೆಕೆಂಡಿನಲ್ಲಿ ನೋಡಬಹುದು, ವಾದಕ್ಕೆ ಆಸ್ಪದ ಕಡಿಮೆ. ಜೊತೆಗೆ ಎತ್ತರ ಅಂದಾಜಾಗಿ ವಯಸ್ಸನ್ನೂ ಹೇಳುತ್ತದೆ, ಅಂದರೆ ಅರ್ಧ ದಾರಿಯಲ್ಲಿ ಹೆದರಿ ಎದ್ದು ನಿಲ್ಲದೆ, ಹೇಳಿದ ಮಾತು ಕೇಳಿ ಕೂರುವ ವಯಸ್ಸು. ಇದು ಒರಟು ಅಳತೆ ಎಂಬುದು ನಿಜ. ಹನ್ನೆರಡು ವರ್ಷದ ತಿಳಿವಳಿಕೆಯ ಗಿಡ್ಡ ಹುಡುಗನನ್ನು ಅದು ಹೊರಗೆ ನಿಲ್ಲಿಸುತ್ತದೆ, ಒಂಬತ್ತರ ಉದ್ದನೆಯ ತುಂಟನನ್ನು ಒಳಗೆ ಬಿಡುತ್ತದೆ. ಆದರೂ ಇದಕ್ಕಿಂತ ಸುಲಭದ ಅಳತೆ ಬಳಕೆಗೆ ಬಂದಿಲ್ಲ.

ದೇಹ ಮತ್ತು ಪಟ್ಟಿಯ ನಡುವಿನ ಜಾಗ ಎಷ್ಟು ಮುಖ್ಯ ಎಂಬುದನ್ನು ಅಮೆರಿಕದ ಒರ್ಲ್ಯಾಂಡೊದಲ್ಲಿ 2022ರ ಮಾರ್ಚ್ 24ರಂದು ನಡೆದ ಅವಘಡ ತೋರಿಸಿತು. ಎತ್ತರದಿಂದ ಕುರ್ಚಿ ಸಮೇತ ಕೆಳಗಿಳಿಸುವ ಸವಾರಿಯಿಂದ 14 ವರ್ಷದ ಹುಡುಗನೊಬ್ಬ ಜಾರಿ ಬಿದ್ದು ಸತ್ತ. ಅಲ್ಲಿ ಹುಡುಗ ಗಿಡ್ಡನಿರಲಿಲ್ಲ, ತಯಾರಕರು ಹೇಳಿದ ತೂಕದ ಮಿತಿಗಿಂತ ದೊಡ್ಡವನಿದ್ದ. ಆ ಕುರ್ಚಿಯ ಸೆನ್ಸರ್ ಅನ್ನು ಕೈಯಿಂದ ಹೊಂದಿಸಿ, ಪಟ್ಟಿ ಪೂರ್ತಿ ಮುಚ್ಚದಿದ್ದರೂ ಸವಾರಿ ಹೊರಡುವಂತೆ ಮಾಡಿದ್ದು ತನಿಖೆಯಲ್ಲಿ ಹೊರಬಂತು. ದೇಹ ದೊಡ್ಡದಾದರೂ ಚಿಕ್ಕದಾದರೂ ಪಟ್ಟಿ ಕೂರದಿದ್ದರೆ ಫಲ ಒಂದೇ.

85, 120, 140

ವಂಡರ್‌ಲಾದಲ್ಲಿ ಟಿಕೆಟ್ ಕೂಡ ವಯಸ್ಸಿನ ಮೇಲಿಲ್ಲ, ಎತ್ತರದ ಮೇಲಿದೆ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಪ್ರವೇಶ ಉಚಿತ, 85ರಿಂದ 140 ಸೆಂ.ಮೀ.ವರೆಗೆ ಮಕ್ಕಳ ಟಿಕೆಟ್, ಅದಕ್ಕಿಂತ ಮೇಲೆ ದೊಡ್ಡವರ ಟಿಕೆಟ್. ಹೀಗಾಗಿ ಟಿಕೆಟ್ ಕಿಟಕಿಯಲ್ಲಿ ‘ತಲೆ ತಗ್ಗಿಸಿ ನಿಲ್ಲು’ ಎಂದು ಹೇಳಿಸಿಕೊಂಡ ಮಗುವೇ ಒಳಗೆ ಹೋದ ಮೇಲೆ ‘ತುದಿಗಾಲ ಮೇಲೆ ನಿಲ್ಲು’ ಎಂದೂ ಹೇಳಿಸಿಕೊಳ್ಳುತ್ತದೆ. ಗಡಿಭಾಗದವರಿಗೆ ಈ ಲೆಕ್ಕ ಹೊಸದಲ್ಲ. ಮಹಾರಾಷ್ಟ್ರದ ಎಸ್‌ಟಿಯಲ್ಲಿ 5 ವರ್ಷ ತುಂಬಿದ ಮಗುವಿಗೆ ಅರ್ಧ ಟಿಕೆಟ್, ಕರ್ನಾಟಕದ ಬಸ್ಸಿನಲ್ಲಿ 6 ವರ್ಷಕ್ಕೆ. ಸಂಕೇಶ್ವರದ ರಸ್ತೆಯಲ್ಲಿ ಬಂದ ಬಸ್ಸಿನ ಬಣ್ಣ ನೋಡಿ ಮಗುವಿನ ವಯಸ್ಸು ಹೇಳುವ ತಾಯಂದಿರು ಇಲ್ಲದಿಲ್ಲ. ಬಸ್ಸಿನಲ್ಲಿ ಅದರಿಂದ ಹೋಗುವುದು ಹತ್ತಿಪ್ಪತ್ತು ರೂಪಾಯಿ. ಸವಾರಿಯ ಬಾಗಿಲಲ್ಲಿ ಆ ಜಾಣತನ ಮಗುವಿನ ಮೈಮೇಲೆ ಬರುತ್ತದೆ.

ಸವಾರಿಗಳ ಮಿತಿ ಒಂದೊಂದಕ್ಕೆ ಒಂದೊಂದು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿರುವ ‘ಸ್ಪೇಸ್ ಮೌಂಟನ್’ ಕೋಸ್ಟರಿಗೆ 40 ಇಂಚು, ಅಂದರೆ 102 ಸೆಂ.ಮೀ. ಸಾಕು. ಬಂಡಿ ತಲೆಕೆಳಗಾಗುವ ದೊಡ್ಡ ಕೋಸ್ಟರುಗಳಿಗೆ ಅಲ್ಲಿ ಸಾಮಾನ್ಯವಾಗಿ 48 ಇಂಚು ಇಲ್ಲವೇ 54 ಇಂಚು ಕೇಳುತ್ತಾರೆ, ಅಂದರೆ 122 ಅಥವಾ 137 ಸೆಂ.ಮೀ. ಭಾರತದ ಪಾರ್ಕುಗಳಲ್ಲಿ ಸೆಂಟಿಮೀಟರ್ ಲೆಕ್ಕ ನಡೆಯುತ್ತದೆ. ಊರಿನಲ್ಲಿ ಫೂಟು-ಇಂಚಿನಲ್ಲಿ ಯೋಚಿಸುವವರು ನೆನಪಿಟ್ಟುಕೊಳ್ಳಬೇಕಾದದ್ದು ಇಷ್ಟು: 4 ಫೂಟು ಎಂದರೆ ಸುಮಾರು 122 ಸೆಂ.ಮೀ., 4 ಫೂಟು 7 ಇಂಚು ಎಂದರೆ ಹೆಚ್ಚೂಕಡಿಮೆ 140.

ಮಗು ಈ ಗೆರೆಗಳನ್ನು ಯಾವಾಗ ದಾಟುತ್ತದೆ? ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕಗಳಲ್ಲಿ 4 ವರ್ಷದ ಮಗುವಿನ ನಡುವಣ ಎತ್ತರ ಸುಮಾರು 103 ಸೆಂ.ಮೀ., 6ಕ್ಕೆ 115–116, 8ಕ್ಕೆ 127, 10ಕ್ಕೆ 138. ಅಂದರೆ 120ರ ಗೆರೆಯನ್ನು ಏಳರ ಆಸುಪಾಸಿನಲ್ಲಿ, 140ರ ಗೆರೆಯನ್ನು ಹತ್ತು ದಾಟಿ ಕೆಲವು ತಿಂಗಳಿಗೆ ಮುಟ್ಟಬೇಕು. ಆದರೆ ನಡುವಣ ಎತ್ತರ ಎಂದರೆ ಅರ್ಧದಷ್ಟು ಮಕ್ಕಳು ಅದಕ್ಕಿಂತ ಕೆಳಗಿರುತ್ತಾರೆ ಎಂದೇ ಅರ್ಥ. ಹತ್ತು ವರ್ಷಕ್ಕೆ 126 ಸೆಂ.ಮೀ. ಇದ್ದರೂ, ಹನ್ನೆರಡರ ಹುಡುಗ 137 ಇದ್ದರೂ ಅದೇ ಕೋಷ್ಟಕದ ಸಾಮಾನ್ಯ ಮಿತಿಯೊಳಗೇ ಬರುತ್ತಾರೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 5ರಿಂದ 18 ವರ್ಷದ ಭಾರತೀಯ ಮಕ್ಕಳಿಗೆಂದೇ 2015ರಲ್ಲಿ ಬೇರೆ ಕೋಷ್ಟಕ ಹೊರತಂದಿದೆ, ಇಲ್ಲಿನ ವೈದ್ಯರು ಹೆಚ್ಚಾಗಿ ಅದನ್ನೇ ನೋಡುತ್ತಾರೆ.

ಮನೆಯಲ್ಲಿ ಜಗಳ ತರುವ ಇನ್ನೊಂದು ಸಂಗತಿಯಿದೆ. ಹೆಣ್ಣುಮಕ್ಕಳು ಸಾಮಾನ್ಯವಾಗಿ ಹತ್ತರಿಂದ ಹನ್ನೆರಡರ ನಡುವೆ ಸರ್ರನೆ ಬೆಳೆಯುತ್ತಾರೆ, ಗಂಡುಮಕ್ಕಳು ಅದಕ್ಕಿಂತ ಸುಮಾರು ಎರಡು ವರ್ಷ ತಡ. ಹೀಗಾಗಿ ಹನ್ನೊಂದರ ತಂಗಿ ಕೋಸ್ಟರ್ ಹತ್ತಿ, ಹನ್ನೆರಡರ ಅಣ್ಣ ಕೆಳಗೆ ಬ್ಯಾಗು ಹಿಡಿದು ನಿಲ್ಲುವ ಪ್ರಸಂಗ ಬರುತ್ತದೆ. ಅಂಥ ಹುಡುಗನನ್ನು ನೆಂಟರ ಮುಂದೆ ‘ಗಿಡ್ಡ’, ‘ಬುಟಕ್ಯಾ’ ಎಂದು ಕರೆದು ನಗುವುದು ಗೆರೆಗಿಂತ ಹೆಚ್ಚು ನೋಯಿಸುತ್ತದೆ.

ಏಳರಿಂದ ಹತ್ತರ ಮಕ್ಕಳದು ವಿಚಿತ್ರ ಅವಸ್ಥೆ. ಪುಟ್ಟ ರೈಲು, ಪುಟ್ಟ ಕಾರುಗಳಂಥ ಸಣ್ಣವರ ಸವಾರಿಗಳಿಗೆ ಮೇಲಿನ ಮಿತಿಯೂ ಇರುತ್ತದೆ. ಇವರು ಅದಕ್ಕೆ ಉದ್ದ, ಕೋಸ್ಟರಿಗೆ ಗಿಡ್ಡ. ಪಾರ್ಕಿನ ನಕ್ಷೆಯಲ್ಲಿ ಕುಟುಂಬದ ಸವಾರಿಗಳು ಎಂದು ಬೇರೆ ಗುಂಪು ಇರುತ್ತದೆಯೇ ಎಂದು ನೋಡಿಕೊಂಡರೆ ದಿನ ಹಾಳಾಗುವುದಿಲ್ಲ.

ಗಿಡ್ಡವಾಗಿರುವುದು ಕಾಯಿಲೆಯೇ?

ಹೆಚ್ಚಿನ ಸಲ ಅಲ್ಲ. ತಂದೆ-ತಾಯಿ ಗಿಡ್ಡವಾಗಿದ್ದರೆ ಮಗುವೂ ಹಾಗಿರುವುದು ಸಹಜ. ವೈದ್ಯರು ಬಳಸುವ ಒಂದು ಸರಳ ಲೆಕ್ಕವಿದೆ. ತಂದೆ-ತಾಯಿಯ ಎತ್ತರ ಕೂಡಿಸಿ ಅರ್ಧ ಮಾಡಿ, ಗಂಡುಮಗುವಿಗೆ 6.5 ಸೆಂ.ಮೀ. ಸೇರಿಸುತ್ತಾರೆ, ಹೆಣ್ಣುಮಗುವಿಗೆ ಅಷ್ಟೇ ಕಳೆಯುತ್ತಾರೆ. ಬೆಳೆದ ಮೇಲೆ ಮಗು ಅಂದಾಜು ಆ ಎತ್ತರದ ಆಸುಪಾಸಿಗೆ ಬರುತ್ತದೆ.

ಆದರೆ ಗಡಿಯ ಎರಡೂ ಬದಿ ಇನ್ನೊಂದು ಲೆಕ್ಕವೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಮಹಾರಾಷ್ಟ್ರದಲ್ಲಿ ಶೇ. 35.2, ಕರ್ನಾಟಕದಲ್ಲಿ ಶೇ. 35.4. ಎರಡು ರಾಜ್ಯಗಳು ಯಾವ ಯಾವ ವಿಷಯಕ್ಕೋ ಕಾದಾಡುತ್ತಿದ್ದರೂ ಈ ಒಂದರಲ್ಲಿ ಸರಿಸಮ. ತಾಯಿಯ ಬಸಿರಿನ ಕಾಲದ ಊಟ, ಮಗುವಿನ ಮೊದಲ ಎರಡು ವರ್ಷದ ಊಟ, ಮೇಲಿಂದ ಮೇಲೆ ಬರುವ ಭೇದಿ ಇದಕ್ಕೆ ದೊಡ್ಡ ಕಾರಣಗಳು. ಎಂಟನೆಯ ವರ್ಷದಲ್ಲಿ ಪಾರ್ಕಿನ ಗೆರೆ ತೋರಿಸುವ ಕೊರತೆಯ ಬೇರು ಎಷ್ಟೋ ಸಲ ಎರಡು ವರ್ಷದೊಳಗೇ ಇರುತ್ತದೆ.

ನಾಲ್ಕು ವರ್ಷದ ನಂತರ, ದೊಡ್ಡವರಾಗುವ ಮುಂಚೆ, ಮಗು ವರ್ಷಕ್ಕೆ ಸಾಧಾರಣವಾಗಿ 5–6 ಸೆಂ.ಮೀ. ಬೆಳೆಯಬೇಕು. 4 ಸೆಂ.ಮೀ.ಗಿಂತ ಕಡಿಮೆಯಾದರೆ, ತರಗತಿಯ ಓರಗೆಯವರಿಂದ ಪ್ರತಿ ವರ್ಷ ಇನ್ನಷ್ಟು ಹಿಂದೆ ಬೀಳುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ಕೊರತೆ, ಕರುಳಿನ ಕಾಯಿಲೆ, ಬೆಳವಣಿಗೆಯ ಹಾರ್ಮೋನಿನ ಕೊರತೆ ಮೊದಲಾದವನ್ನು ಬೇಗ ಕಂಡುಹಿಡಿದರೆ ಚಿಕಿತ್ಸೆಯಿದೆ, ಮೂಳೆಯ ತುದಿಗಳು ಕೂಡಿಕೊಂಡ ಮೇಲೆ ಎತ್ತರ ಹೆಚ್ಚಿಸಲು ಬಹಳ ಮಾಡಲಾಗದು. ಕೊಲ್ಹಾಪುರದ ಸಿಪಿಆರ್, ಇಚಲಕರಂಜಿಯ ಐಜಿಎಂ, ಗಡಹಿಂಗ್ಲಜದ ಉಪಜಿಲ್ಲಾ ರುಗ್ಣಾಲಯ ಸರಕಾರಿ ಆಸ್ಪತ್ರೆಗಳು. ಇದಲ್ಲದೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೇ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಶಾಲೆಯಲ್ಲಿ ಬರೆದಿಟ್ಟ ಎತ್ತರದ ಅಂಕಿಯನ್ನು ಪಾಲಕರು ಕೇಳಿ ಪಡೆಯಬಹುದು. ಹಾಲಿಗೆ ಬೆರೆಸುವ ಡಬ್ಬಿಯ ಪುಡಿ, ಕಂಬಕ್ಕೆ ಜೋತುಬೀಳುವುದು, ಉದ್ದ ಬೆಳೆಸುವ ಗುಳಿಗೆ ಇವುಗಳಿಗೆ ದುಡ್ಡು ಸುರಿಯುವ ಬದಲು ಮೊಟ್ಟೆ, ಬೇಳೆ, ಶೇಂಗಾ, ಹಾಲು, ಸೊಪ್ಪಿಗೆ ಸುರಿಯುವುದು ಲೇಸು.

ಜಾತ್ರೆಯ ತೊಟ್ಟಿಲಿಗೆ ಗೆರೆಯಿಲ್ಲ

ಗಡಿಭಾಗದ ಬಹುಪಾಲು ಮಕ್ಕಳು ಮೊದಲು ಹತ್ತುವ ಸವಾರಿ ಪಾರ್ಕಿನದಲ್ಲ, ಜಾತ್ರೆಯದು. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆ, ಚೈತ್ರದಲ್ಲಿ ಜೋತಿಬಾ, ಗಡಹಿಂಗ್ಲಜದ ಕಾಳಭೈರಿ, ಇವಲ್ಲದೆ ಊರೂರಿನ ಉರುಸುಗಳು. ಕನ್ನಡದಲ್ಲಿ ತೊಟ್ಟಿಲು, ಮರಾಠಿಯಲ್ಲಿ ಆಕಾಶ ಪಾಳಣಾ ಎನ್ನುವ ದೊಡ್ಡ ಚಕ್ರ, ತೂಗುವ ದೋಣಿ, ಬ್ರೇಕ್ ಡ್ಯಾನ್ಸ್, ಡ್ರ್ಯಾಗನ್ ರೈಲು ಊರಿಂದ ಊರಿಗೆ ಲಾರಿಯಲ್ಲಿ ಬರುತ್ತವೆ. ರಾತ್ರೋರಾತ್ರಿ ಜೋಡಣೆಯಾಗಿ ಐದಾರು ದಿನ ಓಡಿ ಬಿಚ್ಚಿಕೊಂಡು ಹೋಗುತ್ತವೆ. ಇಲ್ಲಿ ಅಳತೆಗೋಲು ಸಿಗುವುದು ಅಪರೂಪ. ಯಾರೂ ಮಗುವನ್ನು ವಾಪಸು ಕಳಿಸುವುದಿಲ್ಲ, ಬದಲಾಗಿ ಎತ್ತಿ ಕೂರಿಸುತ್ತಾರೆ. ಅಳುವ ಪ್ರಶ್ನೆ ಬರುವುದಿಲ್ಲ. ಅಪಾಯ ಇರುವುದು ಅಲ್ಲಿಯೇ.

ಭಾರತೀಯ ಮಾನಕ ಬ್ಯೂರೋ ಆಟದ ಸವಾರಿಗಳ ಸುರಕ್ಷತೆಗೆ ಐಎಸ್ 15475 ಎಂಬ ಮಾನಕವನ್ನು 2004ರಲ್ಲೇ ಹೊರತಂದಿದೆ. ಜಾತ್ರೆಯ ಸವಾರಿಗೂ ಪೊಲೀಸರ ಮತ್ತು ಸ್ಥಳೀಯ ಆಡಳಿತದ ಪರವಾನಗಿ ಬೇಕು. ಆದರೂ ಅವಘಡಗಳು ನಿಂತಿಲ್ಲ. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾದಲ್ಲಿ, ಅದೂ ಕಾಯಂ ಪಾರ್ಕಿನಲ್ಲಿ, ತೂಗುವ ಸವಾರಿಯೊಂದು ಮುರಿದು ಬಿದ್ದು ಇಬ್ಬರು ಸತ್ತರು, ಎರಡು ಡಜನ್‌ಗೂ ಹೆಚ್ಚು ಜನ ಗಾಯಗೊಂಡರು. 2022ರ ಸೆಪ್ಟೆಂಬರಿನಲ್ಲಿ ಮೊಹಾಲಿಯ ಮೇಳದಲ್ಲಿ ಮೇಲೇರಿದ ಸವಾರಿ ದೊಪ್ಪನೆ ಕೆಳಗೆ ಬಿತ್ತು. ಇಂಥವನ್ನು ಎತ್ತರದ ಗೆರೆ ತಡೆಯುವುದಿಲ್ಲ. ಪಾಲಕರ ಕೈಯಲ್ಲಿರುವುದು ಮಗು ಕೂರುವ ಜಾಗವನ್ನು ನೋಡುವುದು, ಅದನ್ನಾದರೂ ನೋಡಬೇಕು.

ಮೊದಲನೆಯದಾಗಿ, ಒಂದೇ ಸರಳನ್ನು ಇಬ್ಬರು ಮೂವರು ಹಂಚಿಕೊಳ್ಳುವ ಕುರ್ಚಿ. ಅಪ್ಪನ ಪಕ್ಕ ಮಗು ಕೂತಾಗ ಸರಳು ಅಪ್ಪನ ಹೊಟ್ಟೆಗೆ ತಾಗಿ ನಿಲ್ಲುತ್ತದೆ, ಮಗುವಿನ ಮುಂದೆ ಒಂದು ಗೇಣು ಜಾಗ ಖಾಲಿ. ‘ನಾನು ಹಿಡಕೊಂಡಿರತೀನಿ’ ಎಂಬ ಮಾತು ನೆಲದ ಮೇಲೆ ಚೆನ್ನ. ತಿರುಗುವ ವೇಗದಲ್ಲಿ ಇಪ್ಪತ್ತು ಕಿಲೋದ ಮಗುವನ್ನು ಒಂದು ಕೈಯಲ್ಲಿ ಹಿಡಿದಿಡುವುದು ಆಗದ ಕೆಲಸ, ಅದೂ ಇನ್ನೊಂದು ಕೈಯಲ್ಲಿ ಮೊಬೈಲ್ ಇದ್ದರೆ. ಓರಗೆಯ ಮಕ್ಕಳನ್ನು ಜೊತೆ ಕೂರಿಸಿದರೆ ಸರಳು ಇಬ್ಬರಿಗೂ ಸಮನಾಗಿ ಕೂರುತ್ತದೆ. ಆದರೆ ಇಬ್ಬರೂ ಚಿಕ್ಕವರಾದರೆ ಆ ಸವಾರಿಯೇ ಬೇಡ.

ಮಗುವಿನ ಬೆನ್ನು ಹಿಂದೆ ತಾಗಿ, ಮೊಣಕಾಲು ಕುರ್ಚಿಯ ಅಂಚಿನಲ್ಲಿ ಮಡಚಿ, ಎರಡೂ ಕೈ ಸರಳನ್ನು ಮುಟ್ಟುತ್ತವೆಯೇ ನೋಡಬೇಕು. ಇದರಲ್ಲಿ ಯಾವುದು ಆಗದಿದ್ದರೂ ಆ ಮಗು ಅದಕ್ಕೆ ಗಿಡ್ಡ ಎಂದೇ ಲೆಕ್ಕ. ತೊಟ್ಟಿಲಿನ ಬಾಗಿಲಿಗೆ ಕೊಂಡಿಯ ಜೊತೆ ಪಿನ್ನೋ ಸರಪಳಿಯೋ ಇದೆಯೇ, ತಂತಿ ಸುತ್ತಿ ಕೆಲಸ ಸಾಗಿಸಿದ್ದಾರೆಯೇ ಎಂಬುದು ಕೆಳಗೆ ನಿಂತೇ ಕಾಣುತ್ತದೆ. ಹೆಣ್ಣುಮಕ್ಕಳ ಬಿಚ್ಚುಗೂದಲು, ದುಪಟ್ಟಾ, ತಾಯಿಯ ಸೆರಗು ಚಕ್ರಕ್ಕೆ ಸಿಕ್ಕ ದುರಂತಗಳು ದೇಶದ ಜಾತ್ರೆಗಳಲ್ಲಿ ಮತ್ತೆ ಮತ್ತೆ ನಡೆದಿವೆ. ಕೂದಲು ಗಂಟು ಕಟ್ಟಿ, ಸೆರಗು ಸಿಕ್ಕಿಸಿ ಹತ್ತಬೇಕು. ಮಳೆ-ಗಾಳಿ ಬಂದ ಮೇಲೂ ಓಡಿಸುವವರ ತೊಟ್ಟಿಲಿಗೆ ದೊಡ್ಡವರೂ ಹೋಗದಿರುವುದು ಒಳ್ಳೆಯದು.

ಹೊರಡುವ ಮುನ್ನ

ಎತ್ತರವನ್ನು ಮನೆಯಲ್ಲೇ ಅಳೆದುಕೊಂಡು ಹೊರಟರೆ ಅರ್ಧ ಅಳು ಮನೆಯಲ್ಲೇ ಮುಗಿಯುತ್ತದೆ. ಬರಿಗಾಲಲ್ಲಿ ಗೋಡೆಗೆ ಹಿಮ್ಮಡಿ, ಬೆನ್ನು, ತಲೆ ತಾಗಿಸಿ ನಿಲ್ಲಿಸಿ, ಕಣ್ಣು ನೇರ ಮುಂದಕ್ಕಿರಲಿ. ತಲೆಯ ಮೇಲೆ ದಪ್ಪ ಪುಸ್ತಕವೊಂದನ್ನು ಗೋಡೆಗೆ ಒತ್ತಿ ಅಡ್ಡಲಾಗಿಟ್ಟು ಕೆಳಗೆ ಪೆನ್ಸಿಲಿನಿಂದ ಗುರುತು ಹಾಕಿ, ನೆಲದಿಂದ ಅಳೆಯಬೇಕು. ಇಚಲಕರಂಜಿಯಂಥ ಬಟ್ಟೆಯ ಊರಿನಲ್ಲಿ ದರ್ಜಿಯ ಟೇಪು ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಹಳೆಯ ಬಟ್ಟೆ ಟೇಪು ಎಳೆದು ಎಳೆದು ಹಿಗ್ಗಿರುತ್ತದೆ, ಗವಂಡಿಯ ಉಕ್ಕಿನ ಟೇಪು ನಂಬಿಕೆಯದು. ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ ದಿನವಿಡೀ ಒತ್ತಿಕೊಂಡು, ಬೆಳಿಗ್ಗೆಗಿಂತ ಸಂಜೆ ಎತ್ತರ ಒಂದು ಸೆಂ.ಮೀ.ನಷ್ಟು ಕಡಿಮೆಯಾಗುವುದುಂಟು. ಅಂಚಿನಲ್ಲಿರುವ ಮಗು ಬೆಳಿಗ್ಗೆ ದಾಟಿದ ಗೆರೆಯನ್ನು ಸಂಜೆ ದಾಟದಿದ್ದರೆ ಪಾರ್ಕಿನವರು ಮೋಸ ಮಾಡಿದರೆಂದು ತಿಳಿಯಬೇಕಿಲ್ಲ.

ಬೂಟಿನೊಳಗೆ ಬಟ್ಟೆ ತುರುಕುವುದು, ಟೋಪಿಯೊಳಗೆ ಕೂದಲು ಎತ್ತಿ ಕಟ್ಟುವುದು ಹಳೆಯ ಉಪಾಯಗಳು. ಅವು ಗೆರೆಯನ್ನು ದಾಟಿಸುತ್ತವೆ, ತೊಡೆಯನ್ನು ಉದ್ದ ಮಾಡುವುದಿಲ್ಲ.

ಪಾರ್ಕುಗಳ ಜಾಲತಾಣದಲ್ಲಿ ಒಂದೊಂದು ಸವಾರಿಯ ಮಿತಿ ಕೊಟ್ಟಿರುತ್ತಾರೆ. ನಿಯಮ, ದರ ಬದಲಾಗುತ್ತಿರುವುದರಿಂದ ಹೊರಡುವ ವಾರವೇ ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಒಂದು ಸವಾರಿ ಸಿಗಲಿಲ್ಲವೆಂದು ಟಿಕೆಟ್ ಹಣ ಹಿಂದೆ ಬರುವುದಿಲ್ಲ. ಡಿಸ್ನಿ ಪಾರ್ಕುಗಳಲ್ಲಿ ಒಬ್ಬ ಪಾಲಕರು ಸವಾರಿ ಮುಗಿಸಿ ಬರುವತನಕ ಇನ್ನೊಬ್ಬರು ಚಿಕ್ಕ ಮಗುವಿನ ಜೊತೆ ನಿಂತು, ನಂತರ ಮತ್ತೆ ಪೂರ್ತಿ ಸರದಿ ನಿಲ್ಲದೆ ಹತ್ತುವ ಏರ್ಪಾಡಿದೆ. ಇಲ್ಲಿನ ಪಾರ್ಕುಗಳಲ್ಲಿ ಬಾಗಿಲಲ್ಲಿ ಕೇಳಿ ನೋಡಿದರೆ ನಷ್ಟವೇನಿಲ್ಲ. ಶಾಲೆಯ ಪ್ರವಾಸಕ್ಕೆ ಹೋಗುವ ಗುರುಗಳು ಎತ್ತರದ ಪಟ್ಟಿಯನ್ನು ಮೊದಲೇ ಮಾಡಿಕೊಂಡು, ಗೆರೆಗಿಂತ ಕೆಳಗಿರುವ ಮಕ್ಕಳಿಗೆ ಬೇರೆ ಸವಾರಿಗಳ ಗುಂಪು ಮಾಡಿ ಅವರ ಜೊತೆ ಒಬ್ಬ ಶಿಕ್ಷಕರನ್ನು ಕಳಿಸಿದರೆ ಐದಾರು ಮಕ್ಕಳು ಇಡೀ ದಿನ ಬ್ಯಾಗು ಕಾಯುವುದು ತಪ್ಪುತ್ತದೆ.

ಎರಡು ಸೆಂ.ಮೀ. ಕಡಿಮೆಯಿರುವ ಮಗುವಿಗೆ ‘ದೊಡ್ಡವನಾದ ಮೇಲೆ’ ಎಂಬ ಉತ್ತರ ಸಮಾಧಾನ ಕೊಡುವುದಿಲ್ಲ, ತಿಂಗಳ ಲೆಕ್ಕ ಕೊಡುತ್ತದೆ. ವರ್ಷಕ್ಕೆ 5–6 ಸೆಂ.ಮೀ. ಬೆಳೆಯುವ ಮಗು ಮೇ ತಿಂಗಳಲ್ಲಿ 138 ಇದ್ದರೆ ದೀಪಾವಳಿಯ ಹೊತ್ತಿಗೆ 140 ದಾಟಿರುತ್ತದೆ. ಗೋಡೆಯ ಮೇಲಿನ ಪೆನ್ಸಿಲ್ ಗುರುತಿನ ಪಕ್ಕ ತಾರೀಕು ಬರೆದಿಟ್ಟು ಎರಡು ತಿಂಗಳಿಗೊಮ್ಮೆ ಹೊಸ ಗುರುತು ಹಾಕುತ್ತ ಹೋದರೆ ಮಗುವಿಗೆ ಅದು ಕಣ್ಣಿಗೇ ಕಾಣುತ್ತದೆ, ವೈದ್ಯರ ಬಳಿ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವ ದಾಖಲೆಯೂ ಅದೇ.